ಎಲ್ಲಾ ಇದೆ, ಆದರೂ ಒಳಗೆ ಹಸಿವು: ಇದು ಕೃತಘ್ನತೆಯೇ?

ಓದುಗರ ಪ್ರಶ್ನೆ

"ಸಿಸ್ಟರ್, ನನಗೆ 46 ವರ್ಷ. ಕಾರವಾರದ ಹತ್ತಿರ, ಕಾಳಿ ನದಿ ದಾಟಿದರೆ ನಮ್ಮ ಊರು. ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾರೆ, ವರ್ಷಕ್ಕೆ ಮೂರ್ನಾಲ್ಕು ತಿಂಗಳು ಮಾತ್ರ ಮನೆಯಲ್ಲಿರುತ್ತಾರೆ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಎರಡು ವರ್ಷದ ಹಿಂದೆ ಹೊಸ ಮನೆ ಕಟ್ಟಿಸಿದೆವು. ಹೋದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು. ಚರ್ಚಿನಲ್ಲಿ ಭಾನುವಾರದ ಪೂಜೆ ತಪ್ಪಿಸುವುದಿಲ್ಲ, ಸಂಜೆ ಜಪಸರ ಬಿಡುವುದಿಲ್ಲ. ಆದರೆ ಸುಮಾರು ಒಂದು ವರ್ಷದಿಂದ ಒಳಗೆ ಏನೂ ಅನಿಸುತ್ತಿಲ್ಲ. ಬಾಯಿ ಪ್ರಾರ್ಥನೆ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಏನೋ ಬೇಕು ಅನಿಸುತ್ತದೆ, ಏನು ಅಂತ ಗೊತ್ತಿಲ್ಲ. ಯಾರಿಗಾದರೂ ಹೇಳಿದರೆ 'ದೇವರು ಇಷ್ಟೆಲ್ಲ ಕೊಟ್ಟಿದ್ದಾನೆ, ಇನ್ನೇನು ಬೇಕು ನಿನಗೆ' ಅನ್ನುತ್ತಾರೆ. ಒಬ್ಬರು 'ಮುಚ್ಚಿಟ್ಟ ಪಾಪ ಯಾವುದೋ ಇರಬೇಕು' ಅಂದರು. ಇನ್ನೊಬ್ಬರು ಬೇರೆ ಪ್ರಾರ್ಥನಾ ಕೂಟಕ್ಕೆ ಕರೆಯುತ್ತಿದ್ದಾರೆ, ಅಲ್ಲಿ ಎಲ್ಲರೂ ಅಳುತ್ತಾರಂತೆ. ದೇವರ ಉಪಕಾರಗಳ ಪಟ್ಟಿ ಬರೆದು ನೋಡಿದೆ. ಬರೆದಷ್ಟೂ ನಾನೇ ತಪ್ಪಿತಸ್ಥೆ ಅನಿಸಿತು. ನಾನು ಕೃತಘ್ನಳಾ? ಏನೂ ಅನಿಸದೆ, ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುವುದು ತಪ್ಪಾ?"

ಉತ್ತರ

ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಮಾತು ಒಂದಕ್ಕೊಂದು ಸುತ್ತಿಕೊಂಡಿವೆ. ದೇವರು ಕೊಟ್ಟದ್ದು ಕಣ್ಣೆದುರು ಇದೆ, ಆದರೆ ಮನಸ್ಸಿಗೆ ತಟ್ಟುತ್ತಿಲ್ಲ ಅನ್ನುವುದು ಒಂದು. ಒಳಗೆ ಒಂದು ಹಸಿವಿದೆ, ಅದು ಯಾವುದರಿಂದಲೂ ತುಂಬುತ್ತಿಲ್ಲ ಅನ್ನುವುದು ಇನ್ನೊಂದು. ನಿಮ್ಮ ಸುತ್ತಲಿನವರು ಎರಡನ್ನೂ ಸೇರಿಸಿ ಕೃತಘ್ನತೆ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ನಾನು ಕರಾವಳಿಯಲ್ಲಿ ಬಹಳ ವರ್ಷಗಳಿಂದ ಧ್ಯಾನಕೂಟ ನಡೆಸುತ್ತಾ, ಒಬ್ಬೊಬ್ಬರ ಜೊತೆ ಕೂತು ಅವರ ಪ್ರಾರ್ಥನೆಯ ಬಗ್ಗೆ ಕೇಳುತ್ತಾ ಬಂದವಳು. ನಿಮ್ಮ ಮಾತನ್ನೇ ಹೇಳುವವರು ತುಂಬಾ ಜನ. ಜಾಸ್ತಿ ಪಾಲು ನಿಮ್ಮಂತೆ ಪೂಜೆ ತಪ್ಪಿಸದವರೇ.

ಮೊದಲ ಪ್ರಶ್ನೆಗೆ ನೇರ ಉತ್ತರ: ಹಸಿವು ಕೃತಘ್ನತೆ ಅಲ್ಲ.

ಇದು ಸಮಾಧಾನದ ಮಾತಲ್ಲ, ಬೈಬಲಿನಲ್ಲೇ ಇರುವ ಮಾತು. ಧರ್ಮೋಪದೇಶಕಾಂಡದ ಎಂಟನೇ ಅಧ್ಯಾಯ ತೆಗೆದು ಓದಿ. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಯೇಲ್ ಜನರ ಮರುಭೂಮಿಯ ನಲವತ್ತು ವರ್ಷ ಮುಗಿದಿದೆ, ಇನ್ನೇನು ಒಳ್ಳೆಯ ನಾಡಿಗೆ ಕಾಲಿಡಬೇಕು. ಆಗ ಅವರ ನಾಯಕ ಮೋಶೆ ಜನರಿಗೆ ಹಿಂದಿನದನ್ನು ನೆನಪಿಸುತ್ತಾನೆ. ಮೂರನೇ ವಚನದಲ್ಲಿ ಅವನು ಹೇಳುವುದು, ದೇವರು ನಿಮ್ಮನ್ನು ಹಸಿಯುವಂತೆ ಮಾಡಿದ, ಆಮೇಲೆ ಮನ್ನ ಅನ್ನುವ ಆಕಾಶದ ರೊಟ್ಟಿ ತಿನ್ನಿಸಿದ ಅಂತ. ಎರಡೂ ಒಂದೇ ವಾಕ್ಯದಲ್ಲಿವೆ, ಎರಡನ್ನೂ ಮಾಡಿದವನು ಒಬ್ಬನೇ. ನಾವು ರೊಟ್ಟಿಗೆ ಮಾತ್ರ ಥ್ಯಾಂಕ್ಸ್ ಹೇಳುತ್ತೇವೆ, ಹಸಿವನ್ನು ನಮ್ಮ ದೋಷ ಅಂದುಕೊಳ್ಳುತ್ತೇವೆ. ಮೋಶೆ ಹಸಿವನ್ನೂ ದೇವರ ಲೆಕ್ಕಕ್ಕೇ ಬರೆಯುತ್ತಾನೆ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಅವನು ಎಚ್ಚರಿಕೆಯನ್ನೂ ಕೊಡುತ್ತಾನೆ. ಹೊಟ್ಟೆತುಂಬ ಉಂಡು, ಒಳ್ಳೆಯ ಮನೆ ಕಟ್ಟಿಕೊಂಡು, ದನಕರು ಬೆಳ್ಳಿಬಂಗಾರ ಹೆಚ್ಚಾದಾಗ ದೇವರನ್ನು ಮರೆತುಬಿಟ್ಟೀರಿ ಜೋಕೆ ಅನ್ನುತ್ತಾನೆ. ಅವನಿಗೆ ಭಯ ಇದ್ದದ್ದು ಹಸಿದವರ ಬಗ್ಗೆ ಅಲ್ಲ, ತುಂಬಿದವರ ಬಗ್ಗೆ. ಹೊಸ ಮನೆಯಲ್ಲಿ ಕೂತು, ಮಗಳ ಓದು ಸರಿಯಾಗಿ ನಡೆಯುತ್ತಿರುವಾಗ, ನಿಮಗೆ ಇನ್ನೂ ದೇವರ ಹಸಿವು ಇದೆ. ಇದು ಹೆದರಬೇಕಾದ ಸಂಗತಿ ಅಂತ ನನಗೆ ಅನಿಸುವುದಿಲ್ಲ. ಮನೆಗೆ ಕೊಡಲು ಆಗದ ಒಂದನ್ನು ನಿಮ್ಮ ಮನಸ್ಸು ಮನೆಯಿಂದ ಕೇಳುತ್ತಿಲ್ಲ, ಅಷ್ಟೇ. ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ ಮರುದಿನವೂ ಜನ ಯೇಸುಸ್ವಾಮಿಯನ್ನು ಹುಡುಕಿಕೊಂಡು ಬಂದರಲ್ಲ, ಆಗ ಅವರು ಹೇಳಿದ್ದು ಇದನ್ನೇ: ನೀವು ಹೊಟ್ಟೆ ತುಂಬಿದ್ದಕ್ಕೆ ಬಂದಿದ್ದೀರಿ, ಕೆಟ್ಟುಹೋಗುವ ಆಹಾರಕ್ಕಾಗಿ ದುಡಿಯಬೇಡಿ.

ಇನ್ನು ನೀವು ಕೇಳಿಸಿಕೊಂಡ ಉಳಿದ ಮಾತುಗಳು.

"ಮುಚ್ಚಿಟ್ಟ ಪಾಪ ಇರಬೇಕು" ಅನ್ನುವುದು. ನಿಮ್ಮ ಮನಸ್ಸಾಕ್ಷಿಗೆ ನಿಜವಾಗಿ ಗೊತ್ತಿರುವ ಪಾಪ ಇದ್ದರೆ ಪಾಪನಿವೇದನೆಗೆ ಹೋಗಿ, ಅದು ಸರಿ. ಆದರೆ ಇಲ್ಲದ ಪಾಪವನ್ನು ಅಗೆದು ಹುಡುಕುತ್ತಾ ಕೂರಬೇಡಿ. ಹಾಗೆ ಹುಡುಕುವವರಿಗೆ ಏನಾದರೊಂದು ಸಿಗುತ್ತಲೇ ಇರುತ್ತದೆ, ಸಮಾಧಾನ ಮಾತ್ರ ಸಿಗುವುದಿಲ್ಲ. ಒಳಗಿನ ಬರಗಾಲವೆಲ್ಲ ಶಿಕ್ಷೆ ಅನ್ನುವುದು ಕಥೋಲಿಕ ಧರ್ಮಸಭೆಯ ಬೋಧನೆಯಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತಿಗೆ ಗೊತ್ತಾಯಿತು, ಅವರು ದಶಕಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಇರವೇ ತಟ್ಟದೆ ಬದುಕಿದ್ದರು ಅಂತ. ಆ ಪತ್ರಗಳು ಎಲ್ಲರ ಕೈಗೆ ಬಂದ ಮೇಲೆಯೇ, 2016ರಲ್ಲಿ, ಸಭೆ ಅವರನ್ನು ಸಂತಳೆಂದು ಸಾರಿತು.

"ಅಳು ಬರಬೇಕು" ಅನ್ನುವುದು. ಕಣ್ಣೀರು ಒಳ್ಳೆಯದೇ, ಬಂದರೆ ಬರಲಿ. ಆದರೆ ಅದು ಭಕ್ತಿಯ ಅಳತೆಗೋಲು ಅಲ್ಲ. ಕೆಲವರಿಗೆ ಸುಲಭವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಹತ್ತು ಕುಷ್ಠರೋಗಿಗಳು ಗುಣವಾದರು, ಒಬ್ಬನೇ ತಿರುಗಿ ಬಂದು ಯೇಸುಸ್ವಾಮಿಯ ಪಾದಕ್ಕೆ ಬಿದ್ದ. ಆ ಕತೆಯಲ್ಲಿ ನಾವು ಗಮನಿಸದೆ ಬಿಡುವ ಒಂದು ವಿಷಯ ಇದೆ. ತಿರುಗಿ ಬಾರದ ಒಂಬತ್ತು ಜನರಿಗೆ ಕೊಟ್ಟ ಆರೋಗ್ಯವನ್ನು ಸ್ವಾಮಿ ವಾಪಸ್ಸು ತೆಗೆದುಕೊಳ್ಳಲಿಲ್ಲ. 'ಮಿಕ್ಕವರು ಎಲ್ಲಿ' ಅಂತ ಕೇಳಿದರು, ಅಷ್ಟೇ. ನಿಮಗೆ ಕೃತಜ್ಞತೆ ಉಕ್ಕಿ ಬರುತ್ತಿಲ್ಲ ಅಂದಮಾತ್ರಕ್ಕೆ ದೇವರು ಕೊಟ್ಟದ್ದನ್ನು ಕಿತ್ತುಕೊಳ್ಳುವುದಿಲ್ಲ.

ಹಾಗಾದರೆ ಯಾಕೆ ಹೀಗಾಗುತ್ತದೆ?

ಮೊದಲ ಕಾರಣ ತೀರಾ ಸಾಮಾನ್ಯ. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ. ಮನ್ನದ ಕತೆಯೇ ನೋಡಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಣ್ಣಸಣ್ಣ ಕಾಳಿನಂತೆ ಬಿದ್ದಿರುತ್ತಿತ್ತು, ಬಿಸಿಲು ಏರಿದರೆ ಕರಗುತ್ತಿತ್ತು. ಅಂಥ ಅದ್ಭುತ ದಿನಾ ಬೆಳಗಾದರೆ ಬಾಗಿಲಲ್ಲೇ. ಆದರೂ ಸಂಖ್ಯಾಕಾಂಡದ ಹನ್ನೊಂದನೇ ಅಧ್ಯಾಯದಲ್ಲಿ ಜನ ಗೊಣಗುತ್ತಾರೆ: ಈಜಿಪ್ಟಿನಲ್ಲಿ ಬಿಟ್ಟಿಯಾಗಿ ಮೀನು ತಿನ್ನುತ್ತಿದ್ದೆವು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಇತ್ತು, ಇಲ್ಲಿ ಈ ಮನ್ನ ಬಿಟ್ಟರೆ ಏನೂ ಕಾಣುವುದಿಲ್ಲ. ಪಟ್ಟಿಯಲ್ಲಿ ಮೊದಲು ನೆನಪಾದದ್ದು ಮೀನು. ನಮ್ಮ ಕಡೆಯವರಿಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ಅವರು ದುಷ್ಟರೇನಲ್ಲ. ಮನುಷ್ಯನ ಮನಸ್ಸು ಇರುವುದಕ್ಕೆ ಒಗ್ಗಿಹೋಗುತ್ತದೆ. ಮನೆಯ ಗೃಹಪ್ರವೇಶದ ದಿನ ನಿಮಗೆ ಆದ ಸಂತೋಷ ಎರಡು ವರ್ಷ ಹಾಗೇ ಉಳಿಯುವುದಿಲ್ಲ, ಯಾರಿಗೂ ಉಳಿಯುವುದಿಲ್ಲ.

ಎರಡನೇ ಕಾರಣವನ್ನು ಹೇಳಿದವರು ಸಂತ ಇಗ್ನಾಸಿಯುಸ್ ಲೊಯೋಲ. ಚಂದಾವರದಲ್ಲಿ ಡಿಸೆಂಬರ್ 3ಕ್ಕೆ ನಾವು ಯಾರ ಹಬ್ಬ ಮಾಡುತ್ತೇವೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರರ ಗೆಳೆಯ, ಗುರು ಇವರೇ. ಇಗ್ನಾಸಿಯುಸರ ಧ್ಯಾನಸಾಧನೆಯ ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು, ಧ್ಯಾನಕೂಟ ನಡೆಸುವ ನಮ್ಮಂಥವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದೇವೆ. ಪ್ರಾರ್ಥನೆ ಒಣಗಲು ಅವರು ಮೂರು ಕಾರಣ ಹೇಳುತ್ತಾರೆ. ನಾವೇ ಸೋಮಾರಿಗಳಾಗಿರಬಹುದು. ಸಿಹಿ ಸಿಗದಿದ್ದರೂ ನಾವು ದೇವರ ಜೊತೆ ನಿಲ್ಲುತ್ತೇವಾ ಅಂತ ನಮಗೇ ತಿಳಿಯಬೇಕಾಗಿರಬಹುದು. ಮೂರನೆಯದು ನನಗೆ ತುಂಬಾ ಮುಖ್ಯ ಅನಿಸುವುದು: ಭಕ್ತಿಯ ಸಂತೋಷವೂ ಕೊಡುಗೆಯೇ, ನಮ್ಮ ಸಂಪಾದನೆ ಅಲ್ಲ ಅಂತ ಕಲಿಯಲು. ನೀವು ಮನೆ, ಮಗಳ ಓದು, ಗಂಡನ ಕೆಲಸ ಇವನ್ನೆಲ್ಲ ಕೊಡುಗೆ ಅಂತ ಬರೆದಿದ್ದೀರಿ. ಪ್ರಾರ್ಥನೆಯಲ್ಲಿ ಮನಸ್ಸು ಕರಗುವುದನ್ನು ಮಾತ್ರ ನಿಮ್ಮ ಕರ್ತವ್ಯ ಅಂದುಕೊಂಡಿದ್ದೀರಿ. ಅದನ್ನು ಯಾರೂ ತಾವಾಗಿ ತಂದುಕೊಳ್ಳಲು ಆಗುವುದಿಲ್ಲ. ಕೇಳಬಹುದು, ಕಾಯಬಹುದು.

ಮೂರನೇ ಕಾರಣ ನಿಮ್ಮ ಪತ್ರದಲ್ಲೇ ಇದೆ. ಅಮ್ಮ ತೀರಿಕೊಂಡದ್ದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಏನೂ ಅನಿಸದೆ ಹೋದದ್ದು ಸುಮಾರು ಒಂದು ವರ್ಷದಿಂದ ಅಂತಲೂ ನೀವೇ ಬರೆದಿದ್ದೀರಿ. ಗಂಡ ಹಡಗಿನಲ್ಲಿ, ಮಗಳು ಹಾಸ್ಟೆಲಿನಲ್ಲಿ. ಮಣ್ಣು ಮಾಡಿ ಬಂದು, ಏಳನೇ ದಿನದ ಪೂಜೆ, ತಿಂಗಳ ಪೂಜೆ, ಬಂದವರಿಗೆ ಊಟ, ಎಲ್ಲವನ್ನೂ ನೀವೇ ನಿಂತು ನಡೆಸಿರಬೇಕು. ಅಳಲು ಪುರುಸೊತ್ತು ಸಿಕ್ಕಿತ್ತಾ? ಮನಸ್ಸು ದುಃಖವನ್ನು ತಡೆಹಿಡಿದರೆ ಅದೊಂದನ್ನೇ ತಡೆಯುವುದಿಲ್ಲ, ಸಂತೋಷವನ್ನೂ ಕೃತಜ್ಞತೆಯನ್ನೂ ಸೇರಿಸಿ ತಡೆಯುತ್ತದೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇಂಥವರಿಗೆ ಉಪಕಾರಗಳ ಪಟ್ಟಿ ಬರೆಯಿರಿ ಅಂದರೆ ಅದು ಭಾರವೇ ಆಗುತ್ತದೆ. ನಿಮಗೆ ಆದದ್ದೂ ಅದೇ ಅಂತ ನನ್ನ ಅಂದಾಜು.

ನಾಲ್ಕನೆಯದು ಕಾಯಿಲೆ. ಇದನ್ನು ಬಿಟ್ಟು ಮಾತಾಡುವಂತಿಲ್ಲ. 16ನೇ ಶತಮಾನದಲ್ಲೇ ಸ್ಪೇನಿನ ಸಂತ, ಶಿಲುಬೆಯ ಜಾನ್, ಪ್ರಾರ್ಥನೆಯ ಒಣಗಾಲ ಮತ್ತು ಕಾಯಿಲೆ ಎರಡನ್ನು ಬೇರೆ ಮಾಡಿ ನೋಡಬೇಕು ಅಂದಿದ್ದರು. ದೇವರ ಕಡೆಯಿಂದ ಬಂದ ಒಣಗಾಲದಲ್ಲಿ ಮನುಷ್ಯನಿಗೆ ದೇವರ ಚಿಂತೆ ಬಿಡುವುದಿಲ್ಲ, 'ನಾನು ಹಿಂದೆ ಬೀಳುತ್ತಿದ್ದೇನಲ್ಲ' ಅಂತ ನೋಯುತ್ತಾನೆ. ಬರೀ ಮಂಕು ಕವಿದಿದ್ದರೆ ಆ ಚಿಂತೆಯೂ ಇರುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು ಅಂತಲೂ ಅವರು ಒಪ್ಪುತ್ತಾರೆ. ನಿಮ್ಮ ಪತ್ರದಲ್ಲಿ ದೇವರ ಚಿಂತೆ ಎದ್ದು ಕಾಣುತ್ತದೆ. ಹಾಗಿದ್ದರೂ ಕೇಳುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ಪ್ರತಿದಿನ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುವುದಿಲ್ಲ, ಬೆಳಿಗ್ಗೆ ಏಳಲು ಶಕ್ತಿ ಇಲ್ಲ, ಬದುಕಿ ಏನು ಪ್ರಯೋಜನ ಅನಿಸುತ್ತದೆ ಅಂತಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಕಾರವಾರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ನಾಳೆಗೆ ಇಡಬೇಡಿ. ಗುಳಿಗೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾದ ಹಾಗೆ ಅನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ. ಪಟ್ಟಿ ಕೆಟ್ಟದ್ದು ಅಂತಲ್ಲ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ವಾರಕ್ಕೊಮ್ಮೆ ಐದು ಉಪಕಾರ ಬರೆದವರು ಐದು ಕಿರಿಕಿರಿ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಜಾಸ್ತಿ ತೃಪ್ತಿ ಹೇಳಿಕೊಂಡರು. ಆದರೆ ಪಟ್ಟಿಗೆ ಎರಡು ಅಪಾಯ ಇವೆ. ಒಂದು, ಅದು ಲೆಕ್ಕದ ಪುಸ್ತಕ ಆಗಿಬಿಡುತ್ತದೆ. ಇಷ್ಟು ಬಂದಿದೆ, ಇಷ್ಟು ತೀರಿಸಿಲ್ಲ ಅಂತ. ಇನ್ನೊಂದು, ಅದು ಹೋಲಿಕೆಗೆ ಎಳೆಯುತ್ತದೆ. ಪಕ್ಕದ ಮನೆಯವರಿಗೆ ಇಷ್ಟೂ ಇಲ್ಲ, ನನಗೆ ಇದೆಯಲ್ಲ, ಸ್ತೋತ್ರ ಅಂತ. ಲೂಕನ ಶುಭಸಂದೇಶದಲ್ಲಿ ದೇವಾಲಯದಲ್ಲಿ ನಿಂತು 'ನಾನು ಬೇರೆಯವರ ಹಾಗಲ್ಲ' ಅಂತ ದೇವರಿಗೆ ವಂದನೆ ಹೇಳಿದ ಫರಿಸಾಯ ಇದ್ದಾನಲ್ಲ, ಅವನದ್ದೂ ಕೃತಜ್ಞತೆಯ ಪ್ರಾರ್ಥನೆಯೇ. ಅವನು ಬಂದ ಹಾಗೇ ಮನೆಗೆ ಹೋದ.

ಪಟ್ಟಿಯ ಬದಲು ಇಗ್ನಾಸಿಯುಸ್ ಕಲಿಸಿದ ದಿನದ ಅವಲೋಕನ ಮಾಡಿ. ಹತ್ತು ನಿಮಿಷ ಸಾಕು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಸುಮ್ನೆ ಕೂತು, ಬೆಳಿಗ್ಗೆಯಿಂದ ಆದದ್ದನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಅದರಲ್ಲಿ ಒಂದೇ ಒಂದನ್ನು ಹಿಡಿದುಕೊಳ್ಳಿ. ದೊಡ್ಡದು ಬೇಡ. ಮನೆ, ಆರೋಗ್ಯ, ಕುಟುಂಬ ಅನ್ನುವ ಸಗಟು ಮಾತು ಮನಸ್ಸಿಗೆ ತಾಗುವುದಿಲ್ಲ. ಅಂಕೋಲೆ ಕಡೆಯ ಒಬ್ಬ ವಿಧವೆ ನನ್ನ ಹತ್ತಿರ ಬರುತ್ತಿದ್ದರು, ಅವರೂ ನಿಮ್ಮ ಹಾಗೇ ಏನೂ ಅನಿಸುವುದಿಲ್ಲ ಅಂದವರು. ಒಂದು ದಿನ ಅವರು ಹೇಳಿದ್ದು ಇಷ್ಟು: "ಮೀನು ತರುವವಳು ಬಾಂಗಡೆ ಎಣಿಸಿ ಹಾಕಿದ ಮೇಲೆ, ಬುಟ್ಟಿ ಎತ್ತುವ ಮೊದಲು ಇನ್ನೊಂದನ್ನು ತೆಗೆದು ಹಾಕಿದಳು. ಆವತ್ತು ಅವಳಿಗೆ ವ್ಯಾಪಾರ ಆಗಿರಲಿಲ್ಲ." ಆ ಒಂದು ಬಾಂಗಡೆಯ ಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಯಾರು ಕೊಟ್ಟರು, ಕೊಟ್ಟವರಿಗೆ ಅದರಿಂದ ಏನು ಕಡಿಮೆಯಾಯಿತು, ಯಾಕೆ ಕೊಟ್ಟಿರಬಹುದು ಅಂತ ಕೇಳಿಕೊಂಡಾಗ ಕೊಡುಗೆ ಕಣ್ಣಿಗೆ ಬೀಳುತ್ತದೆ.

ಇದನ್ನು ನಮ್ಮ ಹಿರಿಯರು ಬಲ್ಲರು. ಕರಾವಳಿಯ ಹಲವು ಚರ್ಚುಗಳಲ್ಲಿ ಸೆಪ್ಟೆಂಬರ್ 8ಕ್ಕೆ, ದೇವಮಾತೆಯ ಜನನದ ಹಬ್ಬದ ದಿನ, ಹೊಸ ತೆನೆ ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ಬರುವುದು ಒಂದೋ ಎರಡೋ ತೆನೆ. ಉಗುರಿನಿಂದ ನಾಲ್ಕು ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ, ಎಲ್ಲರೂ ಬರುವವರೆಗೆ ಕಾದು ಒಟ್ಟಿಗೆ ತಿನ್ನುತ್ತಾರೆ. ಪರದೇಶದಲ್ಲಿರುವವರಿಗೆ ಲಕೋಟೆಯಲ್ಲಿ ಕಾಳು ಹಾಕಿ ಕಳಿಸುವ ಮನೆಗಳೂ ಇವೆ. ಗದ್ದೆಯ ಇಡೀ ಬೆಳೆಗೆ ವಂದನೆ ಹೇಳಲು ಅವರಿಗೆ ನಾಲ್ಕು ಕಾಳು ಸಾಕಾಗಿತ್ತು.

ಅವಲೋಕನದಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಬಿಡಬೇಡಿ. ಇವತ್ತು ಏನು ಇಲ್ಲದೆ ಹೋಯಿತು, ಎಲ್ಲಿ ನೋವಾಯಿತು ಅಂತಲೂ ದೇವರಿಗೆ ಹೇಳಿ. ಅಡುಗೆ ಮನೆಯಲ್ಲಿ ಅಮ್ಮನ ನೆನಪು ಬಂದರೆ ಅದನ್ನೂ ಹೇಳಿ. ಕೀರ್ತನೆಗಳಲ್ಲಿ ವಂದನೆ ಎಷ್ಟಿದೆಯೋ ದೂರೂ ಅಷ್ಟೇ ಇದೆ. ಬಾಯಾರಿದ ಜಿಂಕೆಯ 42ನೇ ಕೀರ್ತನೆಯಲ್ಲಿ 'ಹಗಲಿರುಳು ಕಣ್ಣೀರೇ ನನಗೆ ಅನ್ನ' ಅನ್ನುವ ಮಾತಿದೆ. ಒಂದು ವಾರ ಜಪಸರದ ಮೊದಲು ಅದನ್ನು ನಿಧಾನವಾಗಿ ಓದಿ ನೋಡಿ. ಇದರಲ್ಲೂ ಒಂದು ಅಪಾಯ ಉಂಟು. ತಡೆದಿಟ್ಟ ದುಃಖ ಒಮ್ಮೆಲೇ ಹೊರಬರಬಹುದು. ಆದ್ದರಿಂದ ಒಬ್ಬರಿಗೆ ತಿಳಿಸಿಯೇ ಶುರು ಮಾಡಿ. ಫೋನಿನಲ್ಲಿ ಗಂಡನಿಗೆ ಮನೆ ಖರ್ಚಿನ ಮಾತು ಮಾತ್ರ ಹೇಳುತ್ತಿದ್ದರೆ, ಇದನ್ನೂ ಹೇಳಿ. ಅವರಿಗೂ ಅತ್ತೆ ಹೋದ ನೋವು ಹಡಗಿನಲ್ಲೇ ಉಳಿದಿರಬಹುದು.

ಬೇರೆ ಪ್ರಾರ್ಥನಾ ಕೂಟಕ್ಕೆ ಹೋಗಬೇಕೇ? ಈಗ ಬೇಡ ಅಂತ ನನ್ನ ಅಭಿಪ್ರಾಯ. ಒಳಗೆ ಒಣಗಿರುವಾಗ ಮೊದಲು ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ ಅನ್ನುವುದು ಇಗ್ನಾಸಿಯುಸರ ಸ್ಪಷ್ಟ ನಿಯಮ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದೆ. ಆ ಎರಡು ತಿಂಗಳು ಮೀನಿಲ್ಲ ಅಂತ ಕಾರವಾರದ ಬೈತಖೋಲ ಬಂದರಿನಲ್ಲಿ ಯಾರೂ ದೋಣಿ ಮಾರುವುದಿಲ್ಲ, ಬಲೆ ಹೊಲಿಯುತ್ತಾರೆ. ನೀವು ಹೋಗಲೇಬೇಕು ಅಂತಿದ್ದರೆ ಕೆಲವು ಗುರುತು ನೋಡಿಕೊಳ್ಳಿ. ಗುಳಿಗೆ ಬಿಡಿ ಅನ್ನುವ ಕಡೆ, ಮನೆಯವರಿಂದ ದೂರ ಇರಿ ಅನ್ನುವ ಕಡೆ, ಕಾಣಿಕೆ ಕೊಟ್ಟಷ್ಟು ಆಶೀರ್ವಾದ ಅನ್ನುವ ಕಡೆ, ಅಳದವರನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವ ಕಡೆ ಕೂರಬೇಡಿ, ಎದ್ದು ಬನ್ನಿ.

ಎಂಟು ದಿನದ ಮೌನ ಧ್ಯಾನಕೂಟವೂ ಈಗ ಬೇಡ. ನನ್ನ ಕೆಲಸವೇ ಅದು, ಆದರೂ ಬೇಡ ಅನ್ನುತ್ತೇನೆ. ಮನೆಯಲ್ಲೇ ಒಂಟಿಯಾಗಿರುವವರಿಗೆ ಇನ್ನಷ್ಟು ಮೌನ ಔಷಧಿಯಲ್ಲ. ಅದರ ಬದಲು ತಿಂಗಳಿಗೊಮ್ಮೆ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರವೋ, ಹತ್ತಿರದ ಮಠದ ಸಿಸ್ಟರ್ ಒಬ್ಬರ ಹತ್ತಿರವೋ ಕೂತು ಮಾತಾಡಿ. ಒಪ್ಪುವವರು ಸಿಗುವವರೆಗೆ ಒಬ್ಬಿಬ್ಬರನ್ನು ಬದಲಿಸಿದರೂ ಪರವಾಗಿಲ್ಲ. ನಿಮ್ಮ ಮಾತು ಮುಗಿಯುವ ಮೊದಲೇ ಬುದ್ಧಿ ಹೇಳುವವರು ಬೇಡ.

ಸೇವೆಯ ಕೆಲಸ ಮಾಡಿದರೆ ಸರಿಹೋಗುತ್ತದಾ ಅಂತ ಕೆಲವರು ಕೇಳುತ್ತಾರೆ. ವಾರಕ್ಕೊಮ್ಮೆ ಹಾಸಿಗೆ ಹಿಡಿದವರೊಬ್ಬರ ಮನೆಗೆ ಹೋಗಿ ಬರುವುದು ಒಳ್ಳೆಯದೇ. ಆದರೆ ಕೂರಲು ಆಗದೆ ಓಡಾಡುವುದಕ್ಕೆ ಸೇವೆ ಅಂತ ಹೆಸರಿಡಬೇಡಿ. ಅಮ್ಮನ ಕೆಲಸಗಳನ್ನೆಲ್ಲ ಓಡಾಡಿ ಮುಗಿಸಿದವರು ನೀವು, ಇದು ನಿಮಗೆ ಬೇಗ ಅಂಟುತ್ತದೆ.

ಕೊನೆಯದಾಗಿ ಪರಮಪ್ರಸಾದದ ಪ್ರಶ್ನೆ. ಏನೂ ಅನಿಸದೆ ತೆಗೆದುಕೊಳ್ಳುವುದು ತಪ್ಪಲ್ಲ. ನಿವೇದಿಸದ ಗಂಭೀರ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ ಮಾಡಬೇಕು, ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನ ಉಪವಾಸ ಪಾಲಿಸಬೇಕು. ಸಭೆ ಕೇಳುವುದು ಇಂಥದ್ದನ್ನು. ಮನಸ್ಸು ಕರಗಿರಬೇಕು ಅಂತ ಎಲ್ಲೂ ಕೇಳಿಲ್ಲ. ಯೇಸುಸ್ವಾಮಿ ತಮ್ಮನ್ನು ಜೀವದ ರೊಟ್ಟಿ ಅಂದರು, ರೊಟ್ಟಿ ಇರುವುದು ಹಸಿದವರಿಗೆ. ಬರುವ ಭಾನುವಾರ ಎಂದಿನಂತೆ ಸಾಲಿನಲ್ಲಿ ಹೋಗಿ ನಿಲ್ಲಿ. ಗುರುಗಳು 'ಕ್ರಿಸ್ತರ ಶರೀರ' ಅಂದಾಗ 'ಆಮೆನ್' ಅನ್ನಿ. ತಿರುಗಿ ಬಂದು ಕೂತ ಮೇಲೆ ಹೇಳಲು ಏನೂ ತೋಚದಿದ್ದರೆ, ನನಗೆ ಹಸಿವಾಗಿದೆ ಅಂತ ಮಾತ್ರ ಹೇಳಿ. ಅಷ್ಟು ಹೇಳಿದರೂ ಅದು ಪೂರ್ತಿ ಪ್ರಾರ್ಥನೆಯೇ.